ನಾಲ್ಕನೆಯ ಪ್ಲಗ್ಗಿನ ಸದ್ದು

ಹೊಳೆಯ ದಂಡೆಗೆ ಒಂದು ಮಠ. ಮಠಕ್ಕೆ ಒಬ್ಬ ಅಜ್ಜಾರು. ಅಜ್ಜಾರಿಗೆ ಒಂದು ಕಾರು.

ಕಾರು ಹಳೆಯದು. ಬಿಳಿ ಬಣ್ಣದ್ದು, ಪೆಟ್ರೋಲಿನದು. ಭಕ್ತರೊಬ್ಬರು ತಮ್ಮ ಕೊನೆಗಾಲದಲ್ಲಿ ಅದನ್ನು ಮಠದ ಅಂಗಳಕ್ಕೆ ತಂದು ನಿಲ್ಲಿಸಿ, "ದೇವರ ಕೆಲಸಕ್ಕ ಇರಲಿ" ಎಂದು ಕೀಲಿಕೈಯನ್ನು ಅಜ್ಜಾರ ಪಾದದ ಹತ್ತಿರ ಇಟ್ಟು ಹೋಗಿದ್ದರು.

ದೇವರ ಕೆಲಸ ಅಂದರೆ ಯಾವುದು ಎಂದು ಅಜ್ಜಾರು ಯಾರನ್ನೂ ಕೇಳಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೆ ಆಸ್ಪತ್ರೆ ದೂರವಿತ್ತೋ ಅವರಿಗೆಲ್ಲ ಆ ಕಾರು ಹತ್ತಿರವಾಯಿತು.

ಅಜ್ಜಾರ ಹೆಸರು ನಿರ್ವಾಣಯ್ಯ. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ.

ಆ ಸೀಮೆಯಲ್ಲಿ ಅಮಾವಾಸ್ಯೆ ಬಂದರೆ ಗಾಡಿಗಳಿಗೆ ಪೂಜೆ. ಗಾಲಿಯ ಕೆಳಗೆ ನಿಂಬೆಹಣ್ಣು, ಗಾಜಿನ ಮೇಲೆ ಕುಂಕುಮ, ಸುತ್ತ ಊದುಬತ್ತಿ. ಅಜ್ಜಾರೂ ಪೂಜೆ ಮಾಡುತ್ತಿದ್ದರು. ಆದರೆ ಬಾನೆಟ್ಟು ಎತ್ತಿ, ತೋಳು ಮೇಲೇರಿಸಿ, ಒಳಗಿನಿಂದ.

"ಇದಕ್ಕ ಟ್ಯೂನಿಂಗ್ ಅಂತಾರ್ರೀ ಅಜ್ಜಾರ," ಎಂದು ಶಿಷ್ಯ ಗದಿಗೆಪ್ಪ ಮೊದಲ ಸಲ ನೋಡಿದಾಗ ಹೇಳಿದ್ದ.

"ಗಾಡಿಗೆ ಟ್ಯೂನಿಂಗ್. ನನಗ ಪೂಜಿ," ಎಂದಿದ್ದರು ಅಜ್ಜಾರು.

ಗದಿಗೆಪ್ಪ ಮಠಕ್ಕೆ ಬರುವ ಮೊದಲು ಟೆಂಪೊ ಓಡಿಸುತ್ತಿದ್ದ. ಈಗ ಬೆಳಿಗ್ಗೆ ಪತ್ರಿ ಹರಿದು ತರುತ್ತಿದ್ದ, ಗದ್ದುಗೆ ತೊಳೆಯುತ್ತಿದ್ದ, ಯಾರಾದರೂ ನರಳುತ್ತ ಬಂದರೆ ಕಾರು ಹೊರಡಿಸುತ್ತಿದ್ದ.

ಅವನಿಗೆ ಬೇಕಾದದ್ದು ಒಂದೇ. ಅಜ್ಜಾರು ತನ್ನ ಕಿವಿಯಲ್ಲಿ ಮಂತ್ರ ಹೇಳಬೇಕು.

ಆ ಮಂತ್ರ ಯಾರಿಗೂ ಗೊತ್ತಿಲ್ಲದ್ದೇನಲ್ಲ. ತೊಟ್ಟಿಲ ಕೂಸಿಗೂ ಜೋಗುಳದಲ್ಲಿ ಕೇಳಿಸುವಂಥದ್ದು. ಆದರೂ ಗುರುವಿನ ಬಾಯಿಂದ ಹೊರಟು ಶಿಷ್ಯನ ಕಿವಿಗೆ ಬಿದ್ದಾಗ ಮಾತ್ರ ಅದು ಅವನದಾಗುತ್ತದೆ. ಬಲ್ಲವರು ಹಾಗೆ ಹೇಳುತ್ತಾರೆ. ನಾನೂ ಹಾಗೆಯೇ ನಂಬಿದ್ದೇನೆ.

"ಅಜ್ಜಾರ, ನನಗ ಯಾವಾಗ್ರಿ?" ಎಂದು ಗದಿಗೆಪ್ಪ ಕೇಳುತ್ತಿದ್ದ.

"ಆಗಲಿ ತಡಿ," ಎನ್ನುತ್ತಿದ್ದರು ಅಜ್ಜಾರು.

ಮೊದಮೊದಲು ನಗುತ್ತ ಹೇಳುತ್ತಿದ್ದರು. ಈಚೆಗೆ ನಗುತ್ತಿರಲಿಲ್ಲ.

ಈಚೆಗೆ ಅಜ್ಜಾರಲ್ಲಿ ಇನ್ನೂ ಒಂದು ಬದಲಾವಣೆ ಆಗಿತ್ತು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಭಕ್ತರು ಕಷ್ಟ ಹೇಳಿಕೊಂಡರೆ ಅವರ ಮುಖವನ್ನೇ ನೋಡುತ್ತ ಕುಳಿತು, ಕೊನೆಗೆ ತಲೆ ಸವರಿ ಕಳಿಸುತ್ತಿದ್ದರು. ಮಂಗಳಾರತಿಯಲ್ಲಿ ಗಂಟೆ ನಿಂತ ಮೇಲೂ ಅವರ ಕೈ ತಾಳ ಹಾಕುತ್ತಲೇ ಇರುತ್ತಿತ್ತು.

"ಅಜ್ಜಾರು ಮಾತಾಡವಲ್ರಲ್ಲ?" ಎಂದು ಭಕ್ತರು ಕೇಳಿದರು.

"ಅವರು ಒಳಗಿನ ನಾದದಾಗ ಅದಾರ್ರೀ," ಎಂದ ಗದಿಗೆಪ್ಪ. "ಹೊರಗಿನ ಸಪ್ಪಳ ಅವರಿಗೆ ಬ್ಯಾಡಾಗೈತಿ."

ಭಕ್ತರು ಕೈ ಮುಗಿದರು. ಈ ಮಾತು ಊರಿಂದ ಊರಿಗೆ ಹೋಯಿತು. ಬರುವವರು ಹೆಚ್ಚಾದರು. ಮಠದ ಅಂಗಳದಲ್ಲಿ ಎಲ್ಲರೂ ಪಿಸುಮಾತಿನಲ್ಲಿ ಮಾತಾಡತೊಡಗಿದರು.

ತಂಗೆವ್ವ ಒಬ್ಬಳು ಮಾತ್ರ ದನಿ ತಗ್ಗಿಸಲಿಲ್ಲ.

ತಂಗೆವ್ವ ಮಠದ ಪಕ್ಕದ ಓಣಿಯ ಮುದುಕಿ. ಗಂಡ, ಮಕ್ಕಳು ಯಾರೂ ಇಲ್ಲ. ಮೂತ್ರಪಿಂಡ ಎರಡೂ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಪಟ್ಟಣದ ಆಸ್ಪತ್ರೆಗೆ ಹೋಗಿ ಮಷೀನಿನಲ್ಲಿ ರಕ್ತ ತೊಳೆಸಿಕೊಂಡು ಬರಬೇಕು. ಅಜ್ಜಾರ ಕಾರು ಇರುವುದರಿಂದ ಅವಳು ಇದ್ದಳು.

"ಏನೋ ಗದಿಗ್ಯಾ, ನಿಮ್ಮ ಅಜ್ಜಾರು ನಾದದಾಗ ಅದಾರಂತ?"

"ಹೌದು ಆಯಿ."

"ನಮ್ಮ ದೊಡ್ಡವ್ವನೂ ಕಡೀ ಕಾಲಕ್ಕ ನಾದದಾಗ ಇದ್ದಳು. ಬಾಗಲಾ ಬಡದು ಬಡದು ನಮ್ಮ ಕೈ ನೋಯತಿದ್ವು."

"ಆಯಿ! ಹಂಗ ಅನಬಾರ್ದು. ಗುರು ಅದಾರ ಅವರು."

"ಗುರು ಅಂದ್ರ ಕಿವಿ ಇರಂಗಿಲ್ಲೇನೋ?" ಎಂದಳು ತಂಗೆವ್ವ.

ಗದಿಗೆಪ್ಪ ಅಂದಿನಿಂದ ಅಜ್ಜಾರನ್ನು ಹಿಂದಿನಿಂದ ಕರೆಯುವುದನ್ನು ಬಿಟ್ಟ. ಸುತ್ತು ಹಾಕಿ, ಅವರ ಎದುರಿಗೆ ಬಂದು ನಿಂತು, ಆಮೇಲೆ ಬಾಯಿ ತೆರೆಯುತ್ತಿದ್ದ.

*

ಅಮಾವಾಸ್ಯೆ ಬಂತು.

ಅಜ್ಜಾರು ಸ್ನಾನ ಮಾಡಿ, ವಿಭೂತಿ ಧರಿಸಿ, ಕಾರಿನ ಬಾನೆಟ್ಟು ಎತ್ತಿದರು. ಇಂಜಿನ್ನು ತಣ್ಣಗಿತ್ತು. ಗದಿಗೆಪ್ಪ ನಟ್ಟು ಬಿಚ್ಚುವ ಪಾನಾಗಳನ್ನು ಬಿಳಿ ಅರಿವೆಯ ಮೇಲೆ ಹೂವಿನ ಹಾಗೆ ಸಾಲಾಗಿ ಇಟ್ಟ.

ಮೊದಲು ಬ್ಯಾಟರಿ. ಅದರ ತುದಿಗಳ ಮೇಲೆ ಬಿಳಿಯ ಬೂಸಲು ಕಟ್ಟಿತ್ತು. ಅಜ್ಜಾರು ವಾಯರು ಬಿಚ್ಚಿ, ಬಿಸಿನೀರು ಹನಿಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೆಲ್ಲಗೆ ತಿಕ್ಕಿದರು.

ಆಮೇಲೆ ಗಾಳಿಯ ಜಾಲರಿ. ಬಿಚ್ಚಿ ಕಟ್ಟೆಗೆ ತಟ್ಟಿದರೆ ಮುಷ್ಟಿ ಧೂಳು ಬಿತ್ತು.

"ಇಷ್ಟು ದಿನಾ ಇದರ ಮೂಗಿನಾಗ ಊರ ರಸ್ತೆ ಎಲ್ಲಾ ತುಂಬಿತ್ತು ನೋಡು," ಎಂದರು ಅಜ್ಜಾರು. ಅವರ ದನಿ ಈಚೆಗೆ ಸ್ವಲ್ಪ ದೊಡ್ಡದಾಗಿತ್ತು.

ಆಮೇಲೆ ಪ್ಲಗ್ಗುಗಳು. ಅಜ್ಜಾರು ನಾಲ್ಕನ್ನೂ ಒಟ್ಟಿಗೆ ಬಿಚ್ಚುತ್ತಿರಲಿಲ್ಲ. ಒಂದರ ವಾಯರು ತೆಗೆದು, ಪ್ಲಗ್ಗು ಬಿಚ್ಚಿ, ತೊಳೆದು, ಮತ್ತೆ ಅಲ್ಲಿಯೇ ಕೂರಿಸಿ, ಆಮೇಲೆ ಮುಂದಿನದು. ವಾಯರು ಅದಲುಬದಲಾದರೆ ಇಂಜಿನ್ನು ಕೆಡುತ್ತದೆ ಎಂಬುದು ಒಂದು ಕಾರಣ. ಒಬ್ಬನ ಕಷ್ಟ ಕೇಳುವಾಗ ಇನ್ನೊಬ್ಬನ ಕಷ್ಟಕ್ಕೆ ಕಿವಿ ಕೊಡಬಾರದು ಎಂಬುದು ಇನ್ನೊಂದು. ಎರಡನ್ನೂ ಅವರೇ ಹೇಳಿದ್ದರು.

ಮೊದಲ ಪ್ಲಗ್ಗಿನ ತುದಿ ಕಾಡಿಗೆಯ ಹಾಗೆ ಕಪ್ಪಗಿತ್ತು.

"ಯಾಕ ಕಪ್ಪಾಗೈತಿ, ಹೇಳು?"

ಗದಿಗೆಪ್ಪ ಎದುರಿಗೇ ನಿಂತಿದ್ದ. "ಪೆಟ್ರೋಲ್ ಹೆಚ್ಚಾಗೈತ್ರಿ. ಗಾಳಿ ಕಡಿಮಿ."

"ನಿನ್ನಂಗ," ಎಂದರು ಅಜ್ಜಾರು. "ಭಕ್ತಿ ಹೆಚ್ಚು, ಗಾಳಿ ಕಡಿಮಿ. ಉರಿಯಾಕ ಎರಡೂ ಬೇಕು."

ಗದಿಗೆಪ್ಪ ನಕ್ಕ. ನಗುತ್ತಲೇ ಕೇಳಿಬಿಟ್ಟ. "ಅಜ್ಜಾರ, ಈ ಅಮಾಸಿಗೆರ ನನಗ ಮಂತ್ರ ಕೊಡ್ರಿ."

ಅಜ್ಜಾರು ಅವನ ತುಟಿಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಎಂಥ ಕರುಣೆಯ ನೋಟ ಎಂದು ಗದಿಗೆಪ್ಪ ಅಂದುಕೊಂಡ.

"ಉಸುಕಿನ ಕಾಗದ ಕೊಡು," ಎಂದರು ಅಜ್ಜಾರು.

ಪ್ಲಗ್ಗಿನ ಮಸಿ ತಿಕ್ಕಿದರು. ಅದರ ಬಾಯಿಯ ಸಂದಿಗೆ ತೆಳ್ಳನೆಯ ತಗಡಿನ ಗೇಜು ತೂರಿಸಿ ನೋಡಿದರು. ಗೇಜು ಬಿಗಿಯಾಗಿಯೂ ಅಲ್ಲ, ಸಡಿಲಾಗಿಯೂ ಅಲ್ಲ, ಮುಟ್ಟಿದೆ ಎಂಬ ಹಾಗೆ ಹೋಗಬೇಕು. ಹೋಯಿತು. ಪ್ಲಗ್ಗನ್ನು ಕೈಯಿಂದಲೇ ತಿರುಗಿಸಿ ಕೂರಿಸಿ, ಕೊನೆಗೆ ಪಾನಾದಿಂದ ಒಂದಿಷ್ಟು ಬಿಗಿದು, ವಾಯರಿನ ಟೋಪಿಯನ್ನು ಅದರ ತಲೆಗೆ ಒತ್ತಿದರು.

ಟಕ್ ಎಂದಿತು.

ಆ ಟಕ್ ಕೇಳುವ ತನಕ ಒತ್ತಬೇಕು. ಕೇಳಿದರೆ ಕುಳಿತಿತು ಎಂದರ್ಥ. ಇದನ್ನೂ ಅಜ್ಜಾರೇ ಕಲಿಸಿದ್ದರು.

ಎರಡನೆಯದೂ ಟಕ್ ಎಂದಿತು. ಮೂರನೆಯದೂ.

ನಾಲ್ಕನೆಯದರ ಟೋಪಿಯನ್ನು ಅಜ್ಜಾರು ಒತ್ತಿದರು. ಕೈ ತೆಗೆದರು. ಅರಿವೆಯಿಂದ ಬೆರಳು ಒರೆಸಿಕೊಂಡರು.

ಗದಿಗೆಪ್ಪ ಕಾದ. ಸದ್ದು ಬರಲಿಲ್ಲ.

ಗುರುವಿನ ಕೈ ತಪ್ಪೀತೇ? ತಪ್ಪಿದರೂ ಶಿಷ್ಯನ ಕಿವಿಗೆ ಅದು ಕೇಳಬಹುದೇ? ತನ್ನ ಕಿವಿಯೇ ಸರಿಯಿಲ್ಲ ಎಂದುಕೊಂಡ.

ಆಯಿಲ್ ಅಳತೆ ನೋಡಿದರು. ರೇಡಿಯೇಟರಿಗೆ ನೀರು ತುಂಬಿದರು. ಬ್ಯಾಟರಿಯ ವಾಯರು ಮತ್ತೆ ಕಟ್ಟಿದರು. ಫ್ಯಾನಿನ ಬೆಲ್ಟನ್ನು ಹೆಬ್ಬೆರಳಿನಿಂದ ಅದುಮಿ ನೋಡಿದರು.

"ಚಾಲೂ ಮಾಡು."

ಗದಿಗೆಪ್ಪ ಕೀಲಿ ತಿರುಗಿಸಿದ. ಇಂಜಿನ್ನು ಎದ್ದಿತು. ಅಜ್ಜಾರು ಕಾರ್ಬೊರೇಟರಿನ ಸ್ಕ್ರೂ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದರು. ಇದು ಪೂಜೆಯ ಕೊನೆಯ ಭಾಗ. ಪ್ರತಿ ಅಮಾವಾಸ್ಯೆ ಹೀಗೆಯೇ ನಿಂತು, ಒಂದು ಕೂದಲಷ್ಟು ಆಚೆ, ಒಂದು ಕೂದಲಷ್ಟು ಈಚೆ ತಿರುಗಿಸಿ, ಇಂಜಿನ್ನಿನ ಉಸಿರು ನಿದ್ದೆ ಹೋದ ಕೂಸಿನ ಉಸಿರಿನಂತಾದಾಗ "ಕುಂತಿತು" ಎಂದು ಕೈ ತೆಗೆಯುತ್ತಿದ್ದರು.

ಈ ಸಲ ಬಹಳ ಹೊತ್ತಾಯಿತು. ಸ್ಕ್ರೂ ಆಚೆ ಹೋಯಿತು, ಈಚೆ ಬಂತು, ಮತ್ತೆ ಆಚೆ ಹೋಯಿತು. ಇಂಜಿನ್ನು ಆಗಾಗ ಉಸಿರು ತಪ್ಪುತ್ತಿತ್ತು. ಎಡವಿ, ಸಾವರಿಸಿಕೊಂಡು, ಮತ್ತೆ ಎಡವುತ್ತಿತ್ತು.

ಅಜ್ಜಾರು ಕಣ್ಣು ತೆರೆದರು. ಹಿಂದೆಂದೂ ಕೇಳದ ಮಾತು ಕೇಳಿದರು.

"ಹೆಂಗೈತಿ ತಮ್ಮಾ?"

ಅವರ ಕಣ್ಣು ಅವನ ತುಟಿಯ ಮೇಲಿತ್ತು.

"ಚಲೋ ಐತ್ರಿ ಅಜ್ಜಾರ," ಎಂದ ಗದಿಗೆಪ್ಪ.

ಅಜ್ಜಾರು ಬಾನೆಟ್ಟು ಮುಚ್ಚಿದರು.

ಅವರು ಒಳಗೆ ಹೋದ ಮೇಲೆ ಗದಿಗೆಪ್ಪ ಕಾರಿನ ಹತ್ತಿರವೇ ನಿಂತ. ಬಾನೆಟ್ಟು ಎತ್ತಿ ಆ ಟೋಪಿಯನ್ನು ಒಮ್ಮೆ ಒತ್ತಿದರೆ ಮುಗಿಯಿತು. ಆದರೆ ಗದ್ದುಗೆಯ ಮೇಲೆ ಅಜ್ಜಾರು ಏರಿಸಿದ ಪತ್ರಿ ವಾರೆಯಾಗಿ ಕೂತರೂ ಬೇರೆಯವರು ಅದನ್ನು ಸರಿಪಡಿಸುವ ಹಾಗಿಲ್ಲ. ಮಠದ ನಡಾವಳಿ ಅದು. ಗುರು ಮುಟ್ಟಿ ಬಿಟ್ಟದ್ದನ್ನು ಶಿಷ್ಯ ಮತ್ತೆ ಮುಟ್ಟಬಾರದು.

ಗಾಲಿಯ ಕೆಳಗೆ ಒಂದು ನಿಂಬೆಹಣ್ಣು ಇಟ್ಟು, ಕೈ ಮುಗಿದು, ಅವನೂ ಒಳಗೆ ಹೋದ.

*

ಮರುದಿನ ಬೆಳಿಗ್ಗೆ ತಂಗೆವ್ವ ಸೆರಗಿನಲ್ಲಿ ರೊಟ್ಟಿ ಕಟ್ಟಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕುಳಿತಳು.

"ನಡಿಯಪಾ. ನಿನ್ನಿ ಗಾಡಿ ತೊಳದ್ರಿ. ಇವತ್ತ ನನ್ನ ತೊಳಸು."

ಊರು ದಾಟುವ ತನಕ ಕಾರು ಹೇಗೋ ನಡೆಯಿತು.

"ಯಾಕೋ ಕೆಮ್ಮಾಕತ್ತೈತಲ್ಲ ಇದು?"

"ಅಜ್ಜಾರು ನಿನ್ನಿ ತಾವಽ ಕೂಡಿಸ್ಯಾರ ಆಯಿ. ಏನೂ ಆಗಂಗಿಲ್ಲ."

ಪಟ್ಟಣದ ದಾರಿಯಲ್ಲಿ ಕರಿಕಲ್ಲ ಏರು ಎಂಬ ದಿಬ್ಬವಿದೆ. ಅದರ ನಡುಮಧ್ಯೆ ಕಾರು ಕೆಮ್ಮಿತು, ನಡುಗಿತು, ನಿಂತಿತು. ಗದಿಗೆಪ್ಪ ಬ್ರೇಕು ಎಳೆದು, ಇಳಿದು, ಗಾಲಿಯ ಹಿಂದೆ ಕಲ್ಲು ಇಟ್ಟ.

ಮತ್ತೆ ಕುಳಿತು ಕೀಲಿ ತಿರುಗಿಸಿದ. ಎದ್ದ ಹಾಗೆ ಮಾಡಿ ಸತ್ತಿತು. ಗುರುವನ್ನು ನೆನೆದು ಮತ್ತೆ ತಿರುಗಿಸಿದ. ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯಿತು. ಬಿಸಿಲು ಏರಿತು. ದಾರಿಯಲ್ಲಿ ಯಾರೂ ಬರಲಿಲ್ಲ.

"ಯಪ್ಪಾ, ನನ್ನ ಪಾಳಿ ಹೋದ್ರ ಬ್ಯಾರೇದವರನ್ನ ಮಷೀನಿಗೆ ಹಾಕತಾರ," ಎಂದಳು ತಂಗೆವ್ವ. ಅವಳ ದನಿಯಲ್ಲಿ ಚೇಷ್ಟೆ ಇರಲಿಲ್ಲ.

ಗದಿಗೆಪ್ಪ ಕೊನೆಗೂ ಬಾನೆಟ್ಟು ಎತ್ತಿದ. ನಾಲ್ಕನೆಯ ಪ್ಲಗ್ಗಿನ ಟೋಪಿ ಪೂರ್ತಿ ಕಳಚಿ ವಾಯರಿನ ತುದಿಗೆ ಜೋತಾಡುತ್ತಿತ್ತು.

ಅವನು ನೋಡುತ್ತ ನಿಂತ.

ತಂಗೆವ್ವ ಬಾಗಿಲು ತೆರೆದು, ಊದಿದ ಕಾಲು ಎಳೆಯುತ್ತ ಮುಂದೆ ಬಂದಳು. "ಏನ್ ಸಿಕ್ಕಿತು?"

"ಇದು ಕಳಚೈತಿ ಆಯಿ."

"ಹಾಕಲ್ಲ ಮತ್ತ!"

"ಅಜ್ಜಾರು ಹಾಕಿದ್ದು. ನಾ ಹೆಂಗ ಮುಟ್ಟಲಿ?"

ತಂಗೆವ್ವ ಅವನ ಮುಖ ನೋಡಿದಳು. ಅವಳ ಸಿಟ್ಟು ಬಂದ ಹಾಗೆಯೇ ಇಳಿದುಹೋಯಿತು.

"ನೀ ಇದನ್ನ ನಿನ್ನೀನ ನೋಡಿದ್ದೇನೋ?"

"ನೋಡಿಲ್ಲ. ಸಪ್ಪಳ ಬರಲಿಲ್ಲ ಅಂತ ಗೊತ್ತಿತ್ತು."

"ಅಜ್ಜಾರಿಗೆ ಹೇಳಲಿಲ್ಲ?"

"ಅವರು ಕೇಳಿದ್ರು. ನಾ ಚಲೋ ಐತಿ ಅಂದೆ."

ತಂಗೆವ್ವ ಕೈ ಚಾಚಿದಳು. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಕೈ ಅದು. ಟೋಪಿಯನ್ನು ಹಿಡಿದು ಪ್ಲಗ್ಗಿನ ತಲೆಗೆ ಇಟ್ಟು ಒತ್ತಿದಳು.

ಟಕ್ ಎಂದಿತು.

"ಆಸ್ಪತ್ರಿ ಮಷೀನು ಏನರ ತಪ್ಪಿದ್ರ ಕೆಂಪು ದೀಪ ಹಚ್ಚಿ ಕಿರಚತೈತಿ ನೋಡು," ಎಂದಳು ಅವಳು. "ಒಂದಿನ ಅದು ನನ್ನ ಮ್ಯಾಲಿನ ಮರ್ಯಾದಿಗೆ ಸುಮ್ಮಕ ಕುಂತ್ರ ನಾ ಉಳಿಯಂಗಿಲ್ಲಪಾ."

ಪೆಟ್ರೋಲು ಆರಲು ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಕಾರು ಎದ್ದಿತು. ಏರು ಹತ್ತಿತು. ಆದರೆ ಈಗ ಅದರ ಉಸಿರು ಮಿತಿ ಮೀರಿತ್ತು. ಒಂದು ಪ್ಲಗ್ಗು ಸರಿಯಾಗಿ ಉರಿಯದಿದ್ದಾಗ ತಿರುಗಿಸಿದ ಸ್ಕ್ರೂ ಅದು, ಒಂದು ಕಾಲು ಕುಂಟುತ್ತಿರುವಾಗ ಹೊಂದಿಸಿದ ನಡಿಗೆಯ ಹಾಗೆ. ನಿಂತಲ್ಲೇ ಓಡಿದ ಹಾಗೆ ಅರಚುತ್ತಿತ್ತು.

ಪಾಳಿ ಹೋಗಿತ್ತು. ನರ್ಸಬಾಯಿ ಅಲ್ಲಿ ಇಲ್ಲಿ ಹೇಳಿ ಬೇರೆಯವರ ನಡುವೆ ತಂಗೆವ್ವನನ್ನು ಮಷೀನಿಗೆ ಹಾಕಿಸಿದಳು. ಪೂರ್ತಿ ಆಗಲಿಲ್ಲ. ಅರ್ಧಕ್ಕೆ ತೆಗೆದರು.

ಮರಳುವಾಗ ಅವಳು ಹಿಂದಿನ ಸೀಟಿನಲ್ಲಿ ಒರಗಿ ಕಣ್ಣು ಮುಚ್ಚಿದ್ದಳು. ಎದೆ ಏದುತ್ತಿತ್ತು. ಗದಿಗೆಪ್ಪ ಮಠದ ತನಕವೂ ಆ ಉಸಿರನ್ನು ಕೇಳುತ್ತ ಬಂದ. ಅದೂ ಆಗಾಗ ತಪ್ಪುತ್ತಿತ್ತು.

ಅವಳ ಮನೆಯ ಮುಂದೆ ಇಳಿಸಿ, ತೋಳು ಹಿಡಿದು ಒಳಗೆ ಕೂರಿಸಿದ.

"ಆಯಿ, ತಪ್ಪಾತು."

"ನನಗಲ್ಲೋ ಹೇಳೂದು," ಎಂದಳು ತಂಗೆವ್ವ.

*

ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ನೀರು ಕಲ್ಲಿಗೆ ಬಡಿದು ಸದ್ದು ಮಾಡುತ್ತಿತ್ತು. ಅವರು ನೀರನ್ನು ನೋಡುತ್ತಿದ್ದರು, ಅಷ್ಟೇ.

ಗದಿಗೆಪ್ಪ ಸುತ್ತು ಹಾಕಿ ಎದುರಿಗೆ ಹೋಗಲಿಲ್ಲ. ಹಿಂದೆ ನಿಂತು ಕರೆದ. "ಅಜ್ಜಾರ."

ಅವರು ತಿರುಗಲಿಲ್ಲ.

ಇನ್ನೂ ಗಟ್ಟಿಯಾಗಿ ಕರೆದ. ದಂಡೆಯ ಗಿಡದಿಂದ ಕೊಕ್ಕರೆ ಎದ್ದು ಹಾರಿತು. ಅಜ್ಜಾರು ಹಾರಿದ ಕೊಕ್ಕರೆಯನ್ನು ನೋಡಿ, ಅದು ಯಾಕೆ ಹಾರಿತೆಂದು ತಿರುಗಿದರು. ಅಳುತ್ತ ನಿಂತ ಶಿಷ್ಯನನ್ನು ಕಂಡರು.

"ತಂಗೆವ್ವ?" ಎಂದು ಎದ್ದರು.

ಮನೆಯಲ್ಲಿದ್ದಾಳೆ ಎಂದು ಗದಿಗೆಪ್ಪ ಕೈಸನ್ನೆ ಮಾಡಿದ. ಅಜ್ಜಾರು ಉಸಿರು ಬಿಟ್ಟು ಮತ್ತೆ ಕುಳಿತರು. ಪಕ್ಕದ ಮೆಟ್ಟಿಲು ತೋರಿಸಿದರು.

ಅವನು ಕುಳಿತ. ತುಟಿಗಳು ನಡುಗುತ್ತಿದ್ದವು. ಅಜ್ಜಾರು ಆ ತುಟಿಗಳನ್ನು ಓದಲು ನೋಡಿದರು, ಆಗಲಿಲ್ಲ. ತಲೆಯ ಮೇಲಿನ ವಸ್ತ್ರ ಸರಿಸಿ, ಬಾಗಿ, ತಮ್ಮ ಕಿವಿಯನ್ನು ಅವನ ಬಾಯಿಯ ಹತ್ತಿರ ತಂದರು.

"ಇಲ್ಲಿ ಹೇಳು."

ಎಷ್ಟೋ ವರ್ಷದಿಂದ ಗುರುವಿನ ಬಾಯಿ ತನ್ನ ಕಿವಿಯ ಹತ್ತಿರ ಬರಲೆಂದು ಕಾದವನು ಅವನು. ಈಗ ಗುರುವಿನ ಕಿವಿ ತನ್ನ ಬಾಯಿಯ ಹತ್ತಿರ ಇತ್ತು.

"ಅಜ್ಜಾರ," ಎಂದ. "ನಿಮಗ ಕಿವಿ ಕೇಳಂಗಿಲ್ರಿ."

ಹೊಳೆ ಹರಿಯಿತು.

"ಹೌದು," ಎಂದರು ಅಜ್ಜಾರು.

"ನಿನ್ನಿ ನಾಲ್ಕನೇ ವಾಯರು ಕೂಡಲಿಲ್ರಿ. ನನಗ ಗೊತ್ತಿತ್ತು. ನಾ ಸುಳ್ಳ ಹೇಳಿದೆ. ಗಾಡಿ ಏರಿನ್ಯಾಗ ನಿಂತಿತು. ಆಯಿಗೆ ಪೂರ್ತಿ ಆಗಲಿಲ್ರಿ."

ಅಜ್ಜಾರು ಕಿವಿ ತೆಗೆಯಲಿಲ್ಲ. ಅವನು ಹೇಳಿ ಮುಗಿಸಿದ ಮೇಲೂ ಹಾಗೆಯೇ ಬಾಗಿ ಕುಳಿತಿದ್ದರು. ಆಮೇಲೆ ನಿಧಾನವಾಗಿ ತಲೆ ಎತ್ತಿದರು.

"ಸುಳ್ಳ ನೀ ಒಬ್ಬನಽ ಹೇಳಿಲ್ಲೋ. ನಾನೂ ಹೇಳೀನಿ," ಎಂದರು.

"ನೀವೇನ್ರಿ ಹೇಳೀರಿ?"

"ಏನೂ ಹೇಳಲಿಲ್ಲ. ಅದಽ." ಅಜ್ಜಾರು ನೀರಿಗೆ ಒಂದು ಹುಲ್ಲುಕಡ್ಡಿ ಬಿಟ್ಟರು. "ಎಲ್ಲಾರೂ ಅಜ್ಜ ನಾದದಾಗ ಅದಾನ ಅಂತ ಕಾಲಿಗೆ ಬಿದ್ರು. ಅಲ್ರೋ, ಮುದುಕನ ಕಿವಿ ಹೋಗೈತಿ ಅನ್ನಾಕ ನನಗ ನಾಚಿಕಿ ಬಂತು. ಅವರು ಅಂದದ್ದು ಚಲೋನೂ ಅನಸ್ತು."

ಗದಿಗೆಪ್ಪ ತಲೆ ತಗ್ಗಿಸಿದ. "ಅದನ್ನ ಹಬ್ಬಿಸಿದಾಂವ ನಾನಽ ರಿ."

ಅಜ್ಜಾರು ಅವನ ಗದ್ದ ಹಿಡಿದು ಎತ್ತಿದರು. "ಮುಖಾ ಮ್ಯಾಲ ಮಾಡಿ ಹೇಳಪಾ. ನನಗ ಕೇಳಂಗಿಲ್ಲಂತ ಈಗಽ ಹೇಳಿದ್ಯಲ್ಲ."

ಗದಿಗೆಪ್ಪ ಅಳುವಿನ ನಡುವೆ ನಕ್ಕುಬಿಟ್ಟ. ಅಜ್ಜಾರೂ ನಕ್ಕರು. ಬಹಳ ದಿನದ ಮೇಲೆ ನಕ್ಕಿದ್ದರು.

"ಏಳು. ತಂಗೆವ್ವ ಮತ್ತ ಹೋಗಬೇಕಲ್ಲ. ಗಾಡಿ ಕೂಡಿಸೂಣು."

*

ಬಾನೆಟ್ಟು ಎತ್ತಿದರು. ಗದಿಗೆಪ್ಪ ಇಂಜಿನ್ನು ಚಾಲೂ ಮಾಡಿ ಬಂದ. ಅದು ಅರಚುತ್ತಿತ್ತು.

"ನೀವು ಬಿಡ್ರಿ, ನಾನ..." ಎಂದು ಸ್ಕ್ರೂಗೆ ಕೈ ಹಾಕಲು ಹೋದವನು ನಿಂತ. ಅಜ್ಜಾರ ಬೆರಳುಗಳು ಆಗಲೇ ಅಲ್ಲಿದ್ದವು. ಆ ಬೆರಳುಗಳಿಗೆ ಕೂದಲಿನ ಅಳತೆ ಗೊತ್ತಿತ್ತು. ಅದು ಅವನ ಬೆರಳಿಗೆ ಇನ್ನೂ ಗೊತ್ತಿರಲಿಲ್ಲ.

"ಕೈ ನನ್ನದು ಇರಲಿ," ಎಂದರು ಅಜ್ಜಾರು. "ಕಿವಿ ನಿಂದು. ನನ್ನ ಹಿಂದ ನಿಂದ್ರು. ಎಲ್ಲಿ ಉಸಿರು ತಪ್ಪತೈತೋ ಅಲ್ಲಿ ನನ್ನ ಹೆಗಲಿಗೆ ತಟ್ಟು."

ಗದಿಗೆಪ್ಪ ಹಿಂಜರಿದ. ಗುರುವಿನ ಪಾದ ಮುಟ್ಟಬಹುದು. ಹೆಗಲು?

"ಪಾದ ಕೇಳಂಗಿಲ್ಲೋ," ಎಂದರು ಅಜ್ಜಾರು. ಅವನ ಮುಖ ನೋಡದೆಯೇ ಹೇಳಿದರು.

ಅವನು ಕೈಯನ್ನು ಎದೆಗೆ ಒತ್ತಿಕೊಂಡು, ಆಮೇಲೆ ಗುರುವಿನ ಹೆಗಲ ಮೇಲೆ ಇಟ್ಟ. ಕಾವಿಯ ಕೆಳಗೆ ಎಲುಬು ಸಣ್ಣಗೆ ಕೈಗೆ ಹತ್ತಿತು. ಇಷ್ಟು ಸಣ್ಣ ಹೆಗಲು ಎಂದು ಅವನಿಗೆ ಗೊತ್ತಿರಲಿಲ್ಲ.

ಅಜ್ಜಾರು ಸ್ಕ್ರೂ ತಿರುಗಿಸಿದರು. ಅರಚುವುದು ತಗ್ಗಿತು. ಇನ್ನೂ ತಗ್ಗಿತು. ಎಡವಿತು.

ಗದಿಗೆಪ್ಪ ತಟ್ಟಿದ. ಮೆಲ್ಲಗೆ, ಪತ್ರಿ ಏರಿಸುವ ಹಾಗೆ.

"ಗಟ್ಟಿಯಾಗಿ!" ಎಂದರು ಅಜ್ಜಾರು.

ಗಟ್ಟಿಯಾಗಿ ತಟ್ಟಿದ. ಸ್ಕ್ರೂ ಹಿಂದೆ ಬಂತು. ಮತ್ತೆ ಎಡವಿತು, ಮತ್ತೆ ತಟ್ಟಿದ. ಆಮೇಲೆ ಎಡವುವುದು ಅಪರೂಪವಾಯಿತು. ಅವನು ಕಾದು ಕಾದು ತಟ್ಟಿದ. ಒಂದು ಕೂದಲಷ್ಟು ಆಚೆ. ಇನ್ನೂ ಅರ್ಧ ಕೂದಲಷ್ಟು.

ಅವನ ಕೈ ಹೆಗಲ ಮೇಲೆ ಸುಮ್ಮನಾಯಿತು.

ಇಂಜಿನ್ನು ಹಾಲು ಕುಡಿದು ಮಲಗಿದ ಕೂಸಿನ ಹಾಗೆ ಉಸಿರಾಡುತ್ತಿತ್ತು. ಅಜ್ಜಾರಿಗೆ ಅದು ಕೇಳಲಿಲ್ಲ. ತಟ್ಟದ ಕೈಯನ್ನು ಅವರು ಬಹಳ ಹೊತ್ತು ಕೇಳಿದರು.

"ಕುಂತಿತು," ಎಂದರು.

ಬೆರಳು ಒರೆಸಿಕೊಳ್ಳುತ್ತ ಹೇಳಿದರು. "ತಂಗೆವ್ವನ ಮುಂದಿನ ಪಾಳಿ ದಿನ ಮುಂಜಾನೆ ಜಳಕಾ ಮಾಡಿ ಬಾ. ನಿನಗ ಕೊಡೂದು ಐತಿ."

*

ಆ ಬೆಳಿಗ್ಗೆ ಗದಿಗೆಪ್ಪ ಹೊಳೆಯಲ್ಲಿ ಮುಳುಗಿ, ಒದ್ದೆ ಧೋತರದಲ್ಲಿ ಮೆಟ್ಟಿಲು ಹತ್ತಿ ಬಂದ. ಅಜ್ಜಾರು ಅಂಗಳದಲ್ಲಿ ಕುಳಿತಿದ್ದರು. ಹಿಂದಿನ ದಿನವೇ, ಬಂದ ಭಕ್ತರಿಗೆಲ್ಲ, ತಮಗೆ ಕಿವಿ ಕೇಳುವುದಿಲ್ಲ ಎಂದು ಅವರು ತಾವೇ ಹೇಳಿಬಿಟ್ಟಿದ್ದರು. ಈಗ ಮಠದ ಅಂಗಳದಲ್ಲಿ ಪಿಸುಮಾತು ಇರಲಿಲ್ಲ. ಎಲ್ಲರೂ ಅಜ್ಜಾರ ಕಿವಿಗೆ ಬಾಯಿಟ್ಟು ತಮ್ಮ ತಮ್ಮ ಕಷ್ಟ ಕೂಗಿ ಹೇಳುತ್ತಿದ್ದರು. ಒಬ್ಬರ ಗುಟ್ಟು ಎಲ್ಲರಿಗೂ ತಿಳಿಯುತ್ತಿತ್ತು. ಅದರಿಂದ ಎರಡು ಹಳೆಯ ಜಗಳ ತೀರಿದವು ಎಂದೂ ಕೇಳಿದ್ದೇನೆ.

ತಂಗೆವ್ವ ಆಗಲೇ ಕಾರಿನಲ್ಲಿ ಕುಳಿತಾಗಿತ್ತು. ಏದುಸಿರು ಇನ್ನೂ ಇತ್ತು, ದನಿ ಮಾತ್ರ ತಗ್ಗಿರಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು.

"ಲಗೂ ಮುಗಸ್ರಿ ಅಜ್ಜಾರ! ಆ ಮಂತ್ರ ಓಣಿ ಹುಡುಗರಿಗೂ ಬರತೈತಿ. ನನ್ನ ಪಾಳಿ ಹೋದೀತು!"

ಅಜ್ಜಾರಿಗೆ ಕೇಳಲಿಲ್ಲ. ಗದಿಗೆಪ್ಪನ ಕಡೆ ನೋಡಿದರು. "ಏನಂತಾಳ?"

ಗದಿಗೆಪ್ಪ ಒಂದು ಕ್ಷಣ ತಡೆದ. ಆಮೇಲೆ ಅವರ ಕಿವಿಗೆ ಬಾಗಿ, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದ.

"ಖರೇ ಐತಿ ಅವಳ ಮಾತು," ಎಂದರು ಅಜ್ಜಾರು.

ಗದಿಗೆಪ್ಪ ಎದುರಿಗೆ ಕುಳಿತ. ಅಜ್ಜಾರು ಬಿಳಿಯ ವಸ್ತ್ರ ಬಿಡಿಸಿ, ಇಬ್ಬರ ತಲೆಯ ಮೇಲೂ ಮುಸುಕು ಹಾಕಿದರು. ಹೊರಗಿನ ಬೆಳಕು ಹಾಲಿನ ಹಾಗೆ ಒಳಗೆ ಇಳಿಯಿತು.

ಗದಿಗೆಪ್ಪ ಕಣ್ಣು ಮುಚ್ಚಿದ. ಕಿವಿ ಒಡ್ಡಿದ. ಗುರುವಿನ ಉಸಿರು ಕಿವಿಗೆ ತಾಗಿತು.

ಮಂತ್ರ ಬರಲಿಲ್ಲ.

ಅವನು ಕಾದ. ಕಣ್ಣು ತೆರೆದ. ಅಜ್ಜಾರ ತುಟಿಗಳು ನಡುಗುತ್ತಿದ್ದವು. ಇಷ್ಟು ದಿನ ಅವರು ಯಾತಕ್ಕೆ ತಡೆದಿದ್ದರು ಎಂಬುದು ಆ ಮುಖದಲ್ಲಿತ್ತು.

ಅಜ್ಜಾರು ಅವನ ಬಲಗೈ ಹಿಡಿದೆತ್ತಿ ತಮ್ಮ ಹೆಗಲ ಮೇಲೆ ಇಟ್ಟುಕೊಂಡರು.

"ನಾ ಹೇಳೂದು ನನಗಽ ಕೇಳಂಗಿಲ್ಲ ತಮ್ಮಾ. ಎಲ್ಲೆರ ತಪ್ಪಿದ್ರ ತಟ್ಟು."